ಮನೆ ನಾಯಿ, ಬೆಕ್ಕಿಗೆ ಸ್ಪೇ-ನ್ಯೂಟರ್ ಆಪರೇಷನ್: ಯಾಕೆ, ಯಾವಾಗ, ಹೇಗೆ ಮಾಡಿಸ್ಬೇಕು

ಹೆಣ್ಣು ನಾಯಿಗೆ ಸಂತಾನಹರಣ ಆಪರೇಷನ್ ಮಾಡಿಸ್ತೀವಿ ಅಂದ ಕೂಡ್ಲೇ ಮನೇಲಿ ಯಾರಾದ್ರೂ ಒಬ್ರು "ಪಾಪ, ಒಂದ್ಸಲನಾದ್ರೂ ಮರಿ ಹಾಕ್ಲಿ ಬಿಡ್ರೋ, ಆಮೇಲೆ ಮಾಡಿಸಿದ್ರಾಯ್ತು" ಅಂತಾರೆ. ಪ್ರೀತಿಯಿಂದಾನೇ ಹೇಳೋ ಮಾತು ಅದು. ಆದ್ರೆ ಒಂದ್ಸಲ ಮರಿ ಹಾಕಿದ್ರೆ ನಾಯಿ ಆರೋಗ್ಯಕ್ಕೆ ಒಳ್ಳೇದು ಅನ್ನೋದಕ್ಕೆ ಯಾವ ಆಧಾರನೂ ಇಲ್ಲ, ವರ್ಷಗಟ್ಟಲೆ ಮುಂದಕ್ಕೆ ಹಾಕಿದಷ್ಟೂ ತೊಂದ್ರೆ ನಾಯಿಗೇ. ಗರ್ಭಕೋಶ ತೆಗೆಯೋ ಆಪರೇಷನ್ನ ಒಂದು ವರ್ಷದ ಗಟ್ಟಿಮುಟ್ಟಾದ ನಾಯಿಗೆ ಮಾಡಿದ್ರೆ ಸಾಮಾನ್ಯವಾಗಿ ಅವತ್ತು ಸಂಜೆನೇ ಮನೆಗೆ ಬರತ್ತೆ, ಅದೇ ಆಪರೇಷನ್ನ ಎಂಟನೇ ವಯಸ್ಸಲ್ಲಿ ಗರ್ಭಕೋಶದ ತುಂಬ ಕೀವು ತುಂಬ್ಕೊಂಡಿರೋವಾಗ ಅರ್ಧರಾತ್ರಿ ಎಮರ್ಜೆನ್ಸಿಲಿ ಮಾಡಿಸೋ ಹಾಗಾದ್ರೆ ಉಳಿಯತ್ತೋ ಇಲ್ವೋ ಅಂತ ಹೊರಗಡೆ ಬೆಂಚ್ ಮೇಲೆ ಕೂತು ಕಾಯ್ಬೇಕು. ಆರೋಗ್ಯವಾಗಿರೋವಾಗ್ಲೇ, ನಾವೇ ದಿನ ನೋಡ್ಕೊಂಡು ಮಾಡಿಸಿಬಿಡೋಣ ಅನ್ನೋದೇ ನನ್ನ ವಾದ. ಅದನ್ನ ಸರಿಯಾಗಿ ಮಾಡಿಸೋದು ಹೇಗೆ ಅಂತ ಒಂದೊಂದಾಗಿ ಹೇಳ್ತೀನಿ.

ಏನು ತೆಗೀತಾರೆ

ಹೆಣ್ಣಿಗೆ ಮಾಡೋದು ಸ್ಪೇ. ಹೊಟ್ಟೆ ಕೊಯ್ದು ಅಂಡಾಶಯ ಎರಡನ್ನೂ, ಸಾಮಾನ್ಯವಾಗಿ ಜೊತೆಗೆ ಗರ್ಭಕೋಶನೂ ತೆಗೀತಾರೆ. ಗಂಡಿಗೆ ಮಾಡೋದು ನ್ಯೂಟರ್, ಅಂದ್ರೆ ಬೀಜ ಎರಡೂ ತೆಗೆಯೋದು. ಇದು ಹೆಣ್ಣಿನ ಆಪರೇಷನ್ನಿಗಿಂತ ಚಿಕ್ಕದು, ಬೇಗ ವಾಸಿಯಾಗತ್ತೆ. ಹಿಂದೆ ಎತ್ತುಗಳಿಗೆ ಬೀಜ ಒಡೆಸ್ತಿದ್ದಿದ್ದನ್ನ ನೋಡಿರೋ ಹಿರಿಯರಿಗೆ ನ್ಯೂಟರ್ ಅಂದ ತಕ್ಷಣ ಆ ನೋವೇ ಕಣ್ಮುಂದೆ ಬರತ್ತೆ, ಅವರಿಗೆ ಇದನ್ನ ಪೂರ್ತಿ ಅರಿವಳಿಕೆ ಕೊಟ್ಟು ಮಾಡ್ತಾರೆ, ಆಮೇಲೂ ನೋವಿಗೆ ಔಷಧಿ ಇರತ್ತೆ ಅಂತ ಕೂತು ವಿವರಿಸಿ, ಅರ್ಧ ವಿರೋಧ ಅಲ್ಲೇ ಕಮ್ಮಿ ಆಗತ್ತೆ.

ಯಾಕೆ ಮಾಡಿಸ್ಬೇಕು

ಮೊದಲನೇ ಕಾರಣ ಪಯೋಮೆಟ್ರಾ, ಅಂದ್ರೆ ಗರ್ಭಕೋಶದಲ್ಲಿ ಕೀವು ತುಂಬೋ ಕಾಯಿಲೆ. ಈ ಹೆಸರು ಹೆಣ್ಣು ನಾಯಿ ಸಾಕಿರೋ ಪ್ರತಿಯೊಬ್ರಿಗೂ ಗೊತ್ತಿರ್ಬೇಕು. ಪ್ರತಿ ಸಲ ಹೀಟ್ (ಬೆದೆ) ಮುಗಿದ್ಮೇಲೂ, ಬಸಿರಾಗ್ಲಿ ಬಿಡ್ಲಿ, ನಾಯಿಯ ಮೈಯಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ಸುಮಾರು ಎರಡು ತಿಂಗಳು ಏರಿರತ್ತೆ, ಗರ್ಭಕೋಶದ ಒಳಪದರ ದಪ್ಪ ಆಗತ್ತೆ. ಹೀಗೆ ವರ್ಷಾನುವರ್ಷ ಆಗ್ತಾ ಆಗ್ತಾ ಒಂದು ದಿನ ಬ್ಯಾಕ್ಟೀರಿಯಾ ಒಳಗೆ ಸೇರ್ಕೊಂಡು ಕೀವು ಕಟ್ಕೊಳತ್ತೆ. ಹೀಟ್ ಮುಗಿದು ಕೆಲವು ವಾರಕ್ಕೆ ನಾಯಿ ಮಂಕಾಗಿ, ಊಟ ಬಿಟ್ಟು, ಬಟ್ಟಲು ಬಟ್ಟಲು ನೀರು ಕುಡಿಯೋಕೆ ಶುರು ಮಾಡಿದ್ರೆ, ವಾಂತಿ ಮಾಡಿದ್ರೆ, ಹಿಂದುಗಡೆಯಿಂದ ವಾಸನೆ ಬರೋ ಕೀವು ಸೋರಿದ್ರೆ ಅವತ್ತೇ ಡಾಕ್ಟರ ಹತ್ರ ಓಡಿ. ಕೀವು ಹೊರಗೆ ಬರ್ದೇ ಒಳಗೇ ನಿಲ್ಲೋ ಥರದ್ದು ಇನ್ನೂ ಅಪಾಯ, ಹೊಟ್ಟೆ ಉಬ್ಬೋದು ಬಿಟ್ರೆ ಹೊರಗೆ ಏನೂ ಕಾಣಲ್ಲ, "ಬೇಸಿಗೆ ಅಲ್ವಾ, ಅದಕ್ಕೇ ನೀರು ಜಾಸ್ತಿ ಕುಡೀತಿದೆ" ಅಂತ ಎರಡು ದಿನ ಬಿಟ್ಟಿದ್ರಿಂದ ಜೀವ ಹೋಗಿರೋ ನಾಯಿಗಳಿವೆ. ನಮ್ಮ ಪಕ್ಕದ ಬೀದಿಯ ಒಂದು ಲ್ಯಾಬ್ರಡಾರ್‌ಗೆ ಇದೇ ಆಗಿ, ತೆಗೆದ ಗರ್ಭಕೋಶನ ಡಾಕ್ಟರ್ ಟ್ರೇಲಿ ಇಟ್ಟು ತೋರಿಸಿದ್ರು, ಅದರ ಎರಡೂ ಕವಲು ಕೈಮಣಿಕಟ್ಟಿನಷ್ಟು ದಪ್ಪ ಊದಿಕೊಂಡಿತ್ತು. ಮಾಮೂಲಿ ನಾಯಿಲಿ ಅದು ಪೆನ್ಸಿಲ್ಲಿನಷ್ಟು ಸಣ್ಣಗಿರತ್ತೆ. ಗರ್ಭಕೋಶ, ಅಂಡಾಶಯ ಪೂರ್ತಿ ತೆಗೆದ ನಾಯಿಗೆ ಈ ಕಾಯಿಲೆಯ ಭಯ ಹೆಚ್ಚು ಕಮ್ಮಿ ಇರೋದೇ ಇಲ್ಲ.

ಎರಡನೇದು ಮೊಲೆ ಗಡ್ಡೆ. ನಾಯಿಲಿ ಬರೋ ಮೊಲೆ ಗಡ್ಡೆಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕ್ಯಾನ್ಸರ್, ಬೆಕ್ಕಿನಲ್ಲಂತೂ 80-90% ಕ್ಯಾನ್ಸರೇ. ಚಿಕ್ಕ ವಯಸ್ಸಲ್ಲಿ, ಒಂದೆರಡು ಹೀಟ್ ಒಳಗೆ ಸ್ಪೇ ಮಾಡಿಸಿದ್ರೆ ಇದರ ಸಂಭವ ತುಂಬ ಇಳಿಯತ್ತೆ ಅಂತ ಡಾಕ್ಟರುಗಳು ಹೇಳ್ತಾರೆ, ವಯಸ್ಸಾದ ಮೇಲೆ ಮಾಡಿಸಿದ್ರೆ ಆ ಲಾಭ ಅಷ್ಟಾಗಿ ಸಿಗಲ್ಲ. ಬೆಕ್ಕಿಗೆ ಆರು ತಿಂಗಳ ಒಳಗೆ ಮಾಡಿಸಿದ್ರೆ ಲಾಭ ತುಂಬಾನೇ ದೊಡ್ಡದು.

ನಮ್ಮ ದೇಶದಲ್ಲಿ ಇನ್ನೊಂದು ಕಾಟ ಇದೆ, ಟಿವಿಟಿ ಅನ್ನೋ ಗಡ್ಡೆ. ಕೂಡೋವಾಗ ಒಂದು ನಾಯಿಯಿಂದ ಇನ್ನೊಂದಕ್ಕೆ ಅಂಟೋ ಕ್ಯಾನ್ಸರ್ ಇದು, ಹೂಕೋಸಿನ ಥರ ಕೆಂಪಗೆ ಬೆಳೆದು ರಕ್ತ ಸೋರ್ತಾ ಇರತ್ತೆ. ಬೀದಿ ನಾಯಿಗಳಲ್ಲಿ ಸಾಮಾನ್ಯ, ಕಾರ್ತಿಕದ ಹೊತ್ತಿಗೆ ಗೇಟ್ ಹಾರಿ ಎರಡು ದಿನ ಊರು ಸುತ್ತಿ ಬಂದ ಮನೆ ನಾಯಿಗೂ ಬರತ್ತೆ. ವಿನ್‌ಕ್ರಿಸ್ಟೀನ್ ಇಂಜೆಕ್ಷನ್ ವಾರ ವಾರ ಕೊಟ್ರೆ ಬಹುಪಾಲು ವಾಸಿಯಾಗತ್ತೆ, ಆದ್ರೆ ಅದು ಕೀಮೋನೇ, ಸುಲಭ ಅಲ್ಲ.

ನ್ಯೂಟರ್ ಆದ ಗಂಡು ನಾಯಿಗೆ ಬೀಜದ ಗಡ್ಡೆ ಬರೋ ಮಾತೇ ಇರಲ್ಲ, ವಯಸ್ಸಾದ ಮೇಲೆ ಪ್ರಾಸ್ಟೇಟ್ ಊದಿ ಮಲ ಮೂತ್ರಕ್ಕೆ ಕಷ್ಟ ಪಡೋದೂ ತಪ್ಪತ್ತೆ. ಒಂದು ಬೀಜ ಮಾತ್ರ ಕೆಳಗಿಳಿದು ಇನ್ನೊಂದು ಹೊಟ್ಟೆಲೇ ಉಳಿದಿರೋ ನಾಯಿಗಳಿರ್ತವೆ, ಅಂಥ ನಾಯಿಗೆ ಕಡ್ಡಾಯ ಮಾಡಿಸಿ, ಒಳಗೇ ಉಳಿದ ಬೀಜ ಕ್ಯಾನ್ಸರ್‌ಗೆ ತಿರುಗೋ ಸಾಧ್ಯತೆ ಹೆಚ್ಚು. ಆರು ತಿಂಗಳಿಗೆ ಕೈಯಲ್ಲಿ ಮುಟ್ಟಿ ನೋಡಿ, ಎರಡೂ ಸಿಗ್ಬೇಕು.

ಬೆಕ್ಕಿನ ಕಥೆ ಸ್ವಲ್ಪ ಬೇರೆ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಹೀಟ್‌ಗೆ ಬರಬಹುದು, ಅಷ್ಟು ಚಿಕ್ಕದಕ್ಕೆ ಹೀಟ್ ಬರತ್ತೆ ಅಂತ ನಮಗೆ ಅನ್ಸೋದೇ ಇಲ್ಲ. ರಾತ್ರಿಯೆಲ್ಲ ಅಳೋ ಥರ ಕೂಗೋದು, ನೆಲದ ಮೇಲೆ ಹೊರಳಾಡೋದು, ಬೆನ್ನು ಮುಟ್ಟಿದ್ರೆ ಹಿಂಭಾಗ ಎತ್ತೋದು ನೋಡಿ ಹೊಟ್ಟೆನೋವೇನೋ ಅಂತ ಆಸ್ಪತ್ರೆಗೆ ತರೋ ಜನ ಇದ್ದಾರೆ. ಗಂಡು ಸಿಗೋ ತನಕ ಎರಡು ಮೂರು ವಾರಕ್ಕೊಮ್ಮೆ ಇದು ಮರುಕಳಿಸ್ತಾನೇ ಇರತ್ತೆ. ಬಸಿರು ಒಂಬತ್ತು ವಾರ ಅಷ್ಟೇ, ಮರಿಗೆ ಹಾಲು ಕುಡಿಸ್ತಾ ಇರೋವಾಗ್ಲೇ ಮತ್ತೆ ಬಸಿರಾಗತ್ತೆ, ವರ್ಷಕ್ಕೆ ಮೂರು ಸೂಲು ಅಸಾಧ್ಯ ಏನಲ್ಲ. ಗಂಡು ಬೆಕ್ಕು ಸೋಫಾ, ಪರದೆ, ಬಾಗ್ಲಿಗೆಲ್ಲ ಮೂತ್ರ ಚಿಮ್ಮಿಸೋದು, ಬೇರೆ ಗಂಡುಗಳ ಜೊತೆ ಕಚ್ಚಾಡಿ ಕೀವುಗಾಯ ಮಾಡ್ಕೊಂಡು ಬರೋದು, ಆ ಕಚ್ಚಾಟದಲ್ಲೇ ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸೋ ಎಫ್‌ಐವಿ ವೈರಸ್ ಅಂಟಿಸ್ಕೊಳ್ಳೋದು, ಇವೆಲ್ಲ ಬೇಗ ನ್ಯೂಟರ್ ಮಾಡಿಸಿದ್ರೆ ತುಂಬಾನೇ ಕಮ್ಮಿ ಆಗತ್ತೆ.

ಮತ್ತೆ ಮರಿಗಳ ವಿಷ್ಯ. ಇದನ್ನ ಹೇಳ್ದೇ ಇರೋಕಾಗಲ್ಲ ನಂಗೆ. ಮರಿ ಹುಟ್ಟಿದಾಗ ಎಲ್ರಿಗೂ ಖುಷಿ, ಎರಡು ತಿಂಗಳಾದ್ಮೇಲೆ ಗಂಡು ಮರಿಗಳನ್ನ ಯಾರೋ ತಗೊಂಡು ಹೋಗ್ತಾರೆ, ಹೆಣ್ಣು ಮರಿಗಳನ್ನ ಯಾರೂ ಕೇಳಲ್ಲ. ಆಮೇಲೆ ಅವು ರಟ್ಟಿನ ಡಬ್ಬದಲ್ಲಿ ಮಾರ್ಕೆಟ್ ಹಿಂದೆ, ದೇವಸ್ಥಾನದ ಹತ್ರ, ಊರಾಚೆ ಹೈವೇ ಪಕ್ಕ ಸಿಗ್ತವೆ. ಬಿಟ್ಟು ಬಂದೋರು ಕೆಟ್ಟೋರೇ ಆಗಿರ್ಬೇಕಿಲ್ಲ, ಬೇರೆ ದಾರಿ ತೋಚ್ದೇ ಇದ್ದೋರು ಎಷ್ಟೋ ಜನ. ಆ ಪರಿಸ್ಥಿತಿಗೇ ಹೋಗ್ಬೇಡಿ ಅನ್ನೋದಷ್ಟೇ ನನ್ನ ಕೇಳಿಕೆ.

ಹೀಟ್ ನಿಲ್ಲಿಸೋ ಇಂಜೆಕ್ಷನ್ ಬೇಡ

"ಆಪರೇಷನ್ ಯಾಕೆ, ಒಂದು ಇಂಜೆಕ್ಷನ್ ಹಾಕ್ಸಿದ್ರೆ ಹೀಟೇ ಬರಲ್ಲ" ಅಂತ ಹೇಳೋರಿದ್ದಾರೆ. ಅದು ಹಾರ್ಮೋನ್ ಇಂಜೆಕ್ಷನ್, ಪ್ರೊಜೆಸ್ಟರಾನ್ ಜಾತಿದು. ಪಯೋಮೆಟ್ರಾ, ಮೊಲೆ ಗಡ್ಡೆ ಎರಡರ ಅಪಾಯನೂ ಇದ್ರಿಂದ ಜಾಸ್ತಿ ಆಗತ್ತೆ, ಅಂದ್ರೆ ಯಾವುದನ್ನ ತಪ್ಪಿಸ್ಬೇಕು ಅಂತಿದ್ದೀವೋ ಅದನ್ನೇ ದುಡ್ಡು ಕೊಟ್ಟು ಕರ್ಕೊಂಡು ಬಂದಂಗೆ. ತಪ್ಪಿ ಕೂಡಿದ ಮೇಲೆ ಬಸಿರು ನಿಲ್ಲಿಸೋಕೆ ಅಂತ ಹಾಕೋ ಈಸ್ಟ್ರೋಜನ್ ಇಂಜೆಕ್ಷನ್ನೂ ಅಷ್ಟೇ ಅಪಾಯ.

ಇದ್ರಿಂದ ಆಗ್ದೇ ಇರೋದು

ಸುಮ್ನೆ ಹೊಗಳೋಕೆ ಹೋಗಲ್ಲ. ನ್ಯೂಟರ್ ಮಾಡಿಸಿದ್ರೆ ಹೆಣ್ಣು ಹುಡ್ಕಿ ಓಡಿಹೋಗೋದು, ಕಂಡಲ್ಲೆಲ್ಲ ಕಾಲೆತ್ತೋದು, ಬೇರೆ ನಾಯಿ ಮೇಲೆ ಹತ್ತೋದು ಕಮ್ಮಿ ಆಗತ್ತೆ. ಬೊಗಳೋದು ಕಮ್ಮಿ ಆಗಲ್ಲ, ಕಾವಲು ಕಾಯೋದೂ ಬಿಡಲ್ಲ, ಆ ಭಯ ಬೇಡ. ಆದ್ರೆ ಹೆದರಿಕೆಯಿಂದ ಕಚ್ಚೋ ನಾಯಿಗೆ ಇದು ಮದ್ದಲ್ಲ, ಕೆಲವು ಪುಕ್ಕಲು ನಾಯಿಗಳು ಆಮೇಲೆ ಇನ್ನೂ ಹೆದರೋದೂ ಉಂಟು. ಅಂಥ ನಾಯಿ ಇದ್ರೆ ಮೊದ್ಲು ಟ್ರೈನಿಂಗ್ ಬಗ್ಗೆ ಡಾಕ್ಟರ ಜೊತೆ ಮಾತಾಡಿ. ಸ್ಪೇ ಆದ ಕೆಲವು ದೊಡ್ಡ ಜಾತಿ ಹೆಣ್ಣು ನಾಯಿಗಳಿಗೆ ಮುಂದೆ ಮಲಗಿದ ಕಡೆ ಗೊತ್ತಿಲ್ದೇ ಮೂತ್ರ ಸೋರೋ ತೊಂದ್ರೆ ಬರಬಹುದು, ಅದಕ್ಕೆ ಔಷಧಿ ಇದೆ. ತೂಕ ಏರೋ ಸಮಸ್ಯೆನೂ ಇದೆ, ಅದಕ್ಕೆ ಆಮೇಲೆ ಬರ್ತೀನಿ.

ಮೊದಲ ಹೆಜ್ಜೆ: ವಯಸ್ಸು ನೋಡ್ಕೊಳ್ಳಿ

ಬೆಕ್ಕಿಗೆ ಗಂಡಾಗ್ಲಿ ಹೆಣ್ಣಾಗ್ಲಿ ಐದು ತಿಂಗಳ ಹೊತ್ತಿಗೆ ಮಾಡಿಸಿಬಿಡಿ. ನಾಯಿಲಿ ದೊಡ್ಡದಾದಾಗ 20 ಕೆಜಿ ದಾಟದಂಥವು, ಅಂದ್ರೆ ಪಗ್, ಪೊಮೆರೇನಿಯನ್, ಶಿಟ್ಜು, ನಮ್ಮ ನಾಟಿ ನಾಯಿಗಳಲ್ಲಿ ಬಹುಪಾಲು, ಇವಕ್ಕೆ ಆರು ತಿಂಗಳ ಆಸುಪಾಸು. ಲ್ಯಾಬ್, ಗೋಲ್ಡನ್, ಜರ್ಮನ್ ಶೆಫರ್ಡ್, ರಾಟ್‌ವೀಲರ್ ಥರದ ದೊಡ್ಡವಕ್ಕೆ ಅವಸರ ಬೇಡ. ಅಮೆರಿಕದ ಡೇವಿಸ್‌ನಲ್ಲಿರೋ ಕ್ಯಾಲಿಫೋರ್ನಿಯಾ ವಿವಿಯವರು 2013ರಲ್ಲಿ ಗೋಲ್ಡನ್ ರಿಟ್ರೀವರ್ ಮೇಲೆ, ಆಮೇಲೆ 2020ರಲ್ಲಿ 35 ಜಾತಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ, ಒಂದು ವರ್ಷಕ್ಕೆ ಮುಂಚೆ ಆಪರೇಷನ್ ಆದ ಕೆಲವು ದೊಡ್ಡ ಜಾತಿಗಳಲ್ಲಿ ಕೀಲಿನ ತೊಂದ್ರೆ ಹೆಚ್ಚು ಕಂಡುಬಂತು, ಚಿಕ್ಕ ಜಾತಿಗಳಲ್ಲಿ ಹಾಗೆ ಕಾಣಲಿಲ್ಲ. ಮೂಳೆ ಬೆಳೆಯೋದು ನಿಲ್ಲೋಕೆ ಬೀಜ, ಅಂಡಾಶಯದಿಂದ ಬರೋ ಹಾರ್ಮೋನುಗಳೂ ಬೇಕು, ಅದೇ ಕಾರಣ ಇರಬಹುದು ಅಂತಾರೆ. ಹಾಗಾಗಿ ದೊಡ್ಡ ಗಂಡು ನಾಯಿಗೆ ಬೆಳವಣಿಗೆ ಮುಗಿದ ಮೇಲೆ, ಸುಮಾರು ಒಂದರಿಂದ ಒಂದೂವರೆ ವರ್ಷಕ್ಕೆ ಮಾಡಿಸಿ. ದೊಡ್ಡ ಹೆಣ್ಣು ನಾಯಿಗೆ ಒಂದು ಕಡೆ ಕೀಲು, ಇನ್ನೊಂದು ಕಡೆ ಮೊಲೆ ಗಡ್ಡೆ, ಎರಡನ್ನೂ ತೂಗಿ ನೋಡ್ಬೇಕು, ಇಲ್ಲಿ ನಿಮ್ಮ ಡಾಕ್ಟರ ಮಾತೇ ಕೊನೆ.

ಹೀಟ್ ನಡೀತಾ ಇರೋವಾಗ ನಾಯಿಗೆ ಮಾಡಿಸ್ಬೇಡಿ, ಆಗ ಗರ್ಭಕೋಶಕ್ಕೆ ರಕ್ತ ಜಾಸ್ತಿ ಹರೀತಿರತ್ತೆ. ಮುಗಿದು ಎರಡು ಮೂರು ತಿಂಗಳು ಬಿಡಿ. ಮರಿ ಹಾಕಿದ್ರೆ ಹಾಲು ಬಿಡಿಸಿ, ಹಾಲು ಬತ್ತಿದ ಮೇಲೆ. ಏಳೆಂಟು ವರ್ಷದ ನಾಯಿ ಮನೇಲಿದ್ರೆ "ಇನ್ನೇನು ವಯಸ್ಸಾಯ್ತು" ಅಂತ ಬಿಡ್ಬೇಡಿ, ಪಯೋಮೆಟ್ರಾ ಹೆಚ್ಚಾಗಿ ಬರೋದೇ ಆ ವಯಸ್ಸಲ್ಲಿ, ಟೆಸ್ಟ್ ಮಾಡಿಸಿ ರಿಪೋರ್ಟ್ ಚೆನ್ನಾಗಿದ್ರೆ ಆಗ್ಲೂ ಮಾಡಿಸಬಹುದು.

ಎರಡನೇ ಹೆಜ್ಜೆ: ರಕ್ತ ಪರೀಕ್ಷೆ, ಅದ್ರಲ್ಲೂ ಟಿಕ್ ಫೀವರ್

ವ್ಯಾಕ್ಸಿನ್, ಜಂತು ಮಾತ್ರೆ ಎರಡು ವಾರ ಮುಂಚೆನೇ ಮುಗಿಸ್ಕೊಳ್ಳಿ. ಆಮೇಲೆ ಸಿಬಿಸಿ (ರಕ್ತಕಣಗಳ ಎಣಿಕೆ), ಲಿವರ್, ಕಿಡ್ನಿ ಟೆಸ್ಟ್. ನಮ್ಮ ಹವಾಮಾನಕ್ಕೆ ವರ್ಷವಿಡೀ ಉಣುಗು ಇರತ್ತೆ, ಅದ್ರಿಂದ ಬರೋ ಎರ್ಲಿಕಿಯಾ ಅನ್ನೋ ಸೋಂಕು (ಟಿಕ್ ಫೀವರ್ ಅನ್ನೋದು ಇದನ್ನೇ) ಪ್ಲೇಟ್‌ಲೆಟ್ ಇಳಿಸಿಬಿಡತ್ತೆ. ನಾಯಿ ನೋಡೋಕೆ ಆಡ್ಕೊಂಡು ತಿನ್ಕೊಂಡು ಚೆನ್ನಾಗೇ ಇರತ್ತೆ, ಟೇಬಲ್ ಮೇಲೆ ಕೊಯ್ದಾಗ ರಕ್ತ ನಿಲ್ಲಲ್ಲ. ಪ್ಲೇಟ್‌ಲೆಟ್ ಕಮ್ಮಿ ಬಂದ್ರೆ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಕೋರ್ಸ್ ಮುಗಿಸಿ ಮತ್ತೆ ಟೆಸ್ಟ್ ಮಾಡಿಸಿ ಆಮೇಲೆ ಡೇಟ್ ತಗೊಳ್ಳಿ. ಟೆಸ್ಟ್ ದುಡ್ಡು ಉಳಿಸೋಕೆ ಹೋಗೋ ಜಾಗ ಇದಲ್ಲ.

ಮುಧೋಳ ನಾಯಿ ಸಾಕಿರೋರು ಡಾಕ್ಟರಿಗೆ ಜಾತಿ ಒತ್ತಿ ಹೇಳಿ. ಈ ಬೇಟೆ ನಾಯಿಗಳ ಮೈಲಿ ಕೊಬ್ಬು ತುಂಬ ಕಮ್ಮಿ, ಥಯೋಪೆಂಟೋನ್ ಥರದ ಅರಿವಳಿಕೆ ಕೊಟ್ರೆ ಏಳೋಕೆ ತುಂಬ ಹೊತ್ತು ಹಿಡಿಯತ್ತೆ, ಬೇರೆ ಔಷಧಿ ಆರಿಸ್ಬೇಕು. ಪಗ್, ಶಿಟ್ಜು, ಪರ್ಶಿಯನ್ ಬೆಕ್ಕಿನಂಥ ಚಪ್ಪಟೆ ಮೂತಿಯವಕ್ಕೆ ಉಸಿರಾಟದ ಕಡೆ ಗಮನ ಬೇಕು, ಅವಕ್ಕೆ ಗ್ಯಾಸ್ ಅನಸ್ತೇಷಿಯಾ, ಆಕ್ಸಿಜನ್ ಇರೋ ಕಡೆನೇ ಮಾಡಿಸಿ.

ಡಾಕ್ಟರ ಹತ್ರ ಸಂಕೋಚ ಇಲ್ದೇ ಕೇಳ್ಬೇಕಾದ್ದು: ಗ್ಯಾಸ್ ಅನಸ್ತೇಷಿಯಾನಾ ಇಂಜೆಕ್ಷನ್ನಾ, ಗಂಟಲಿಗೆ ಟ್ಯೂಬ್ ಹಾಕ್ತೀರಾ, ಡ್ರಿಪ್ ಇರತ್ತಾ, ಆಪರೇಷನ್ ಮಾಡೋರ ಜೊತೆ ಅರಿವಳಿಕೆ ನೋಡ್ಕೊಳ್ಳೋಕೆ ಬೇರೆ ಒಬ್ರು ಇರ್ತಾರಾ, ನೋವಿಗೆ ಏನು ಕೊಡ್ತೀರ, ರಾತ್ರಿ ತೊಂದ್ರೆ ಆದ್ರೆ ಯಾರಿಗೆ ಫೋನ್ ಮಾಡೋದು. ಒಳ್ಳೆ ಡಾಕ್ಟರ್ ಇದಕ್ಕೆಲ್ಲ ಸಿಟ್ಟಾಗಲ್ಲ.

ಎಲ್ಲಿ ಮಾಡಿಸೋದು

ಸರ್ಕಾರಿ ಪಶು ಆಸ್ಪತ್ರೆಲಿ ಖರ್ಚು ಕಮ್ಮಿ, ಆದ್ರೆ ಸಣ್ಣ ಪ್ರಾಣಿಗಳ ಆಪರೇಷನ್ ಸೌಲಭ್ಯ ಎಲ್ಲಾ ಕಡೆ ಇರಲ್ಲ, ಮೊದ್ಲೇ ವಿಚಾರಿಸಿ. ಬೆಂಗಳೂರಲ್ಲಿ ಹೆಬ್ಬಾಳದ ಪಶು ವೈದ್ಯಕೀಯ ಕಾಲೇಜು, ಹಾಗೇ ಶಿವಮೊಗ್ಗ, ಹಾಸನ, ಬೀದರ್‌ನ ಕಾಲೇಜುಗಳ ಆಸ್ಪತ್ರೆಗಳನ್ನ ಹತ್ತಿರದೋರು ವಿಚಾರಿಸಬಹುದು. ಪ್ರಾಣಿ ದಯಾ ಸಂಸ್ಥೆಗಳು ಕೆಲವು ಸಲ ರಿಯಾಯಿತಿ ಕ್ಯಾಂಪ್ ಮಾಡ್ತವೆ. ಪ್ರೈವೇಟ್ ಕ್ಲಿನಿಕ್ಕಲ್ಲಿ ರೇಟು ನಾಯಿಯ ತೂಕದ ಮೇಲೆ, ಹೊಟ್ಟೆ ಕೊಯ್ಯೋದ್ರಿಂದ ಹೆಣ್ಣಿಗೆ ಜಾಸ್ತಿ. ರಕ್ತ ಪರೀಕ್ಷೆ, ಔಷಧಿ, ಗಾಯ ನೆಕ್ಕದ ಹಾಗೆ ಕುತ್ತಿಗೆಗೆ ಹಾಕೋ ಕೋನ್, ಹೊಲಿಗೆ ಬಿಚ್ಚೋದು ಎಲ್ಲಾ ಸೇರಿ ಎಷ್ಟು ಅಂತ ಕೇಳಿದ್ರೆ ಸರಿಯಾದ ಲೆಕ್ಕ ಸಿಗತ್ತೆ.

ಹಿಂದಿನ ರಾತ್ರಿ ಮತ್ತೆ ಆಪರೇಷನ್ ದಿನ

ಬೆಳೆದ ನಾಯಿ, ಬೆಕ್ಕಿಗೆ ಎಂಟರಿಂದ ಹನ್ನೆರಡು ಗಂಟೆ ಖಾಲಿ ಹೊಟ್ಟೆ, ನೀರು ಬೆಳಿಗ್ಗೆ ತನಕ ಇಡಬಹುದು. ಚಿಕ್ಕ ಮರಿಗಳನ್ನ ಅಷ್ಟು ಹೊತ್ತು ಉಪವಾಸ ಹಾಕಿದ್ರೆ ಸಕ್ಕರೆ ಅಂಶ ಇಳಿಯತ್ತೆ, ಅವಕ್ಕೆ ಎಷ್ಟು ಗಂಟೆ ಅಂತ ಡಾಕ್ಟರನ್ನೇ ಕೇಳಿ. ಮನೇಲಿ ಎಲ್ರಿಗೂ ಹೇಳಿಡಿ, ಬೆಳಿಗ್ಗೆ ಎದ್ದು ಅಜ್ಜಿ ಪ್ರೀತಿಯಿಂದ ಒಂದು ಬಿಸ್ಕತ್ ಕೊಟ್ಟಿರ್ತಾರೆ, ಅರಿವಳಿಕೆಲಿ ಅದೇ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗಬಹುದು. ಕೊಟ್ಟಿದ್ರೆ ಮುಚ್ಚಿಡ್ದೇ ಹೇಳಿ, ಡೇಟ್ ಮುಂದಕ್ಕೆ ಹಾಕ್ತಾರೆ ಅಷ್ಟೇ. ಬೆಕ್ಕನ್ನ ಕೈಲಿ ಎತ್ಕೊಂಡು ಹೋಗ್ಬೇಡಿ, ಬುಟ್ಟಿನೋ ಕ್ಯಾರಿಯರ್ರೋ ಬೇಕೇ ಬೇಕು. ಒಂದು ಹಳೇ ಬೆಡ್‌ಶೀಟ್ ಇಟ್ಕೊಳ್ಳಿ, ವಾಪಸ್ ಬರೋವಾಗ ಮೈ ತಣ್ಣಗಿರತ್ತೆ.

ಮನೆಗೆ ಬಂದ್ಮೇಲೆ ಹತ್ತು ಹದಿನಾಲ್ಕು ದಿನ

ಅರ್ಧ ಕೆಲಸ ಇಲ್ಲೇ ಇರೋದು. ಮೊದಲ ರಾತ್ರಿ ನೆಲದ ಮೇಲೇ ಹಾಸಿಗೆ ಹಾಕಿ, ಸೋಫಾ, ಮಂಚ ಬೇಡ, ತೂರಾಡ್ತಾ ಬೀಳತ್ತೆ. ಬೆಕ್ಕನ್ನ ಒಂದು ರೂಮಲ್ಲಿಟ್ಟು ಬಾಲ್ಕನಿ ಬಾಗ್ಲು ಹಾಕಿ. ಸ್ವಲ್ಪ ಕೂಗೋದು, ಮಂಕಾಗಿರೋದು ಮಾಮೂಲು. ಪೂರ್ತಿ ಎಚ್ಚರ ಆದ್ಮೇಲೆ ಸ್ವಲ್ಪ ನೀರು, ಆಮೇಲೆ ದಿನದ ಅರ್ಧದಷ್ಟು ಊಟ, ಮೆತ್ತಗೆ ಬೇಯಿಸಿದ ಅನ್ನ ಚಿಕನ್ ಸಾಕು.

ಎರಡು ಮೂರು ಗಂಟೆಗೊಮ್ಮೆ ತುಟಿ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣ ಇರ್ಬೇಕು, ಬೆರಳಲ್ಲಿ ಒತ್ತಿದ್ರೆ ಬೆಳ್ಳಗಾಗಿ ಎರಡು ಸೆಕೆಂಡ್ ಒಳಗೆ ಮತ್ತೆ ಗುಲಾಬಿಗೆ ಬರ್ಬೇಕು. ವಸಡು ಬಿಳಿಚಿಕೊಂಡು, ಹೊಟ್ಟೆ ಉಬ್ಬಿ, ಎಬ್ಬಿಸಿದ್ರೂ ಏಳ್ದೇ ಇದ್ರೆ ಒಳಗೆ ರಕ್ತ ಸೋರ್ತಿರಬಹುದು, ಬೆಳಗಾಗ್ಲಿ ಅಂತ ಕಾಯ್ಬೇಡಿ. ಗಾಯನ ದಿನಕ್ಕೆರಡು ಸಲ ನೋಡಿ, ದಿನಾ ಒಂದು ಫೋಟೋ ತೆಗೆದಿಟ್ರೆ ಬದಲಾವಣೆ ಗೊತ್ತಾಗತ್ತೆ. ಅಂಚು ಸ್ವಲ್ಪ ಕೆಂಪಗೆ, ಒಂಚೂರು ಊದಿರೋದು ಸರಿ. ಕೀವು, ವಾಸನೆ, ಹೊಲಿಗೆ ಬಿಟ್ಕೊಂಡಿರೋದು, ಒಂದು ದಿನ ಕಳೆದ್ರೂ ಏನೂ ತಿನ್ದೇ ಇರೋದು, ಪದೇ ಪದೇ ವಾಂತಿ, ಇವು ಸರಿ ಅಲ್ಲ.

ಕೋನ್ ತೆಗೀಬೇಡಿ. ಪಾಪ ಅನ್ಸತ್ತೆ, ಗೋಡೆಗೆ ಬಾಗ್ಲಿಗೆ ಹೊಡ್ಕೊಂಡು ಓಡಾಡತ್ತೆ, ಆದ್ರೂ ಬೇಡ. ಹೊಲಿಗೆ ಕಿತ್ತು ಹಾಕೋಕೆ ನಾಯಿಗೆ ಹತ್ತು ನಿಮಿಷ ಸಾಕು. ಕೋನ್ ಒಪ್ಪದ ಬೆಕ್ಕಿಗೆ ಮೈಗೆ ಹಾಕೋ ಸರ್ಜಿಕಲ್ ಬಟ್ಟೆ ಸಿಗತ್ತೆ.

ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ ಏನೂ ಬೇಡ, ಡೆಟಾಲ್ ಅಂತೂ ಬೆಕ್ಕಿಗೆ ವಿಷ. ಡಾಕ್ಟರ್ ಬರ್ಕೊಟ್ಟಿದ್ದು ಬಿಟ್ಟು ಮನೇಲಿರೋ ನೋವಿನ ಮಾತ್ರೆ ಯಾವ್ದೂ ಕೊಡ್ಬೇಡಿ. ಒಂದು ಡೋಲೋ ಮಾತ್ರೆ ಸಾಕು ಬೆಕ್ಕಿನ ಜೀವ ತೆಗೆಯೋಕೆ, ಬ್ರೂಫೆನ್, ಡೈಕ್ಲೋಫಿನ್ಯಾಕ್ ನಾಯಿಯ ಹೊಟ್ಟೆ, ಕಿಡ್ನಿ ಹಾಳು ಮಾಡತ್ತೆ. ಮಳೆಗಾಲದಲ್ಲಿ ನೊಣದ ಕಡೆ ಗಮನ ಇರ್ಲಿ, ಗಾಯದ ಮೇಲೆ ಕೂತ್ರೆ ಹುಳ ಆಗೋಕೆ ಜಾಸ್ತಿ ಹೊತ್ತು ಬೇಡ. ಅಂಗಳದಲ್ಲಿ ಕಟ್ಟಿ ಹಾಕೋ ನಾಯಿಯಾದ್ರೂ ಈ ಎರಡು ವಾರ ಮನೆ ಒಳಗೇ ಇರ್ಲಿ. ಸ್ನಾನ ಇಲ್ಲ, ಓಟ ಇಲ್ಲ, ಮೆಟ್ಟಿಲು ಕಮ್ಮಿ, ಮೂತ್ರಕ್ಕೆ ಬೆಲ್ಟ್ ಹಾಕಿ ಕರ್ಕೊಂಡು ಹೋಗಿ. ಮೂರನೇ ದಿನಕ್ಕೆ ನಾಯಿ ಹುಷಾರಾಗಿ ಕುಣಿಯೋಕೆ ಶುರು ಮಾಡತ್ತೆ, ಒಳಗಿನ ಹೊಲಿಗೆ ಇನ್ನೂ ಕೂಡಿರಲ್ಲ, ಆಗ್ಲೇ ಹೆಚ್ಚು ಎಚ್ಚರ ಬೇಕಿರೋದು.

ಗಂಡು ನಾಯಿಯ ವಿಷ್ಯದಲ್ಲಿ ಒಂದು ಮಾತು ತುಂಬ ಜನಕ್ಕೆ ಗೊತ್ತಿಲ್ಲ: ನ್ಯೂಟರ್ ಆದ್ಮೇಲೂ ಕೆಲವು ವಾರ ನಾಳದಲ್ಲಿ ವೀರ್ಯ ಉಳಿದಿರತ್ತೆ. ಒಂದು ಒಂದೂವರೆ ತಿಂಗಳು ಹೀಟ್‌ನಲ್ಲಿರೋ ಹೆಣ್ಣಿನಿಂದ ದೂರ ಇಡಿ.

ಊಟ

ಆಪರೇಷನ್ ಆದ್ಮೇಲೆ ಮೈಗೆ ಬೇಕಾಗೋ ಶಕ್ತಿ ಸುಮಾರು 20-30% ಕಮ್ಮಿ ಆಗತ್ತೆ, ಹಸಿವು ಮಾತ್ರ ಜಾಸ್ತಿ. ಗಾಯ ಮಾಗಿದ ಮೇಲೆ ಊಟ ಅಷ್ಟೇ ಇಳಿಸಿ. ನಮ್ಮ ಮನೆಗಳಲ್ಲಿ ತಟ್ಟೆ ತುಂಬ ಅನ್ನ ಮೊಸರು ಕಲಸಿ ಹಾಕೋದು ರೂಢಿ, ಅನ್ನ ಕಮ್ಮಿ ಮಾಡಿ ಮೊಟ್ಟೆ, ಮಾಂಸ, ತರಕಾರಿ ಜಾಸ್ತಿ ಮಾಡಿ, ಅಳತೆಗೆ ಒಂದೇ ಲೋಟ ಇಟ್ಕೊಳ್ಳಿ. ಪಕ್ಕೆ ಮೇಲೆ ಕೈಯಾಡಿಸಿದ್ರೆ ಮೂಳೆ ಕೈಗೆ ಸಿಗ್ಬೇಕು, ಸಿಗಲಿಲ್ಲ ಅಂದ್ರೆ ತೂಕ ಜಾಸ್ತಿ ಆಯ್ತು ಅಂತ. ಗಂಡು ಬೆಕ್ಕು ದಪ್ಪ ಆಗಿ ಬರೀ ಒಣ ಆಹಾರ ತಿಂದ್ರೆ ಮೂತ್ರ ಕಟ್ಟೋ ಅಪಾಯ ಇದೆ, ನೀರಿರೋ ಊಟ ಕೊಡಿ, ಮನೇಲಿ ಎರಡು ಮೂರು ಕಡೆ ನೀರಿಡಿ.

ಬೀದಿ ನಾಯಿಗೂ

ಮನೆ ಪ್ರಾಣಿಯ ಸಂತಾನಹರಣ ಮಾಲೀಕರ ಹೊಣೆ, ಬೀದಿ ನಾಯಿದು ಸ್ಥಳೀಯ ಸಂಸ್ಥೆಯ ಹೊಣೆ ಅಂತ 2023ರ ಎಬಿಸಿ (ಪ್ರಾಣಿಗಳ ಸಂತಾನ ನಿಯಂತ್ರಣ) ನಿಯಮಗಳು ಹೇಳ್ತವೆ. ಇದ್ರಿಂದ ಪರಿಣಾಮ ಆಗತ್ತಾ ಅಂದ್ರೆ ಬೆಂಗಳೂರನ್ನೇ ನೋಡಿ, ಬಿಬಿಎಂಪಿ ಸಮೀಕ್ಷೆ ಪ್ರಕಾರ 2019ರಲ್ಲಿ ಸುಮಾರು 3.10 ಲಕ್ಷ ಇದ್ದ ಬೀದಿ ನಾಯಿಗಳು 2023ಕ್ಕೆ 2.79 ಲಕ್ಷಕ್ಕೆ ಇಳಿದ್ವು, ಆಪರೇಷನ್ ಆದವುಗಳ ಪ್ರಮಾಣ ಅರ್ಧದಷ್ಟಿದ್ದದ್ದು 70% ದಾಟ್ತು. ನಿಮ್ಮ ಬೀದಿ ನಾಯಿಯ ಒಂದು ಕಿವಿ ತುದಿ ಕತ್ತರಿಸಿದಂಗಿದ್ರೆ ಅದಕ್ಕೆ ಆಪರೇಷನ್ ಆಗಿದೆ ಅಂತ ಅರ್ಥ. ಇಲ್ಲಾಂದ್ರೆ ಪಾಲಿಕೆಗೆ ಅಥವಾ ಪಂಚಾಯ್ತಿಗೆ ಅರ್ಜಿ ಕೊಡಿ, ಊಟ ಹಾಕೋರೇ ಹಿಡಿಯೋ ದಿನ ಜೊತೆಗಿದ್ರೆ ನಾಯಿ ಹೆದರಲ್ಲ, ವಾಪಸ್ ಅದೇ ಜಾಗಕ್ಕೆ ಬಿಟ್ರಾ ಅಂತಾನೂ ನೋಡ್ಕೋಬಹುದು.

ಕೊನೇದಾಗಿ, ಡಿಸ್ಚಾರ್ಜ್ ಚೀಟಿ ಎಸೀಬೇಡಿ. ಏನೇನು ತೆಗೆದ್ರು, ಯಾವ ಅರಿವಳಿಕೆ, ತೂಕ ಎಷ್ಟಿತ್ತು ಅಂತ ಅದ್ರಲ್ಲಿ ಬರೆಸ್ಕೊಳ್ಳಿ. ಸ್ಪೇ ಆದ ನಾಯಿನೋ ಬೆಕ್ಕೋ ತಿಂಗಳುಗಳಾದ್ಮೇಲೆ ಮತ್ತೆ ಹೀಟ್ ಲಕ್ಷಣ ತೋರಿಸಿದ್ರೆ ಅಂಡಾಶಯದ ಚೂರು ಒಳಗೆ ಉಳಿದಿರಬಹುದು, ಅಪರೂಪ, ಆದ್ರೆ ಆಗತ್ತೆ. ಲಕ್ಷಣ ಕಾಣ್ತಿರೋವಾಗ್ಲೇ ಆ ಚೀಟಿ ಸಮೇತ ಡಾಕ್ಟರ ಹತ್ರ ಕರ್ಕೊಂಡು ಹೋಗಿ, ಆಗ ಸ್ಕ್ಯಾನ್, ಹಾರ್ಮೋನ್ ಟೆಸ್ಟ್ ಮಾಡಿದ್ರೆ ಬೇಗ ಪತ್ತೆ ಆಗತ್ತೆ.